ತಂಗುದಾಣಕ್ಕೆ ಯಾವ ಹೆಸರು? ಫಲಕದ ಪದವೂ ಬಿಲ್ಲಿನ ತೆರಿಗೆಯೂ

ಸಿರುಗುಪ್ಪ ತಾಲ್ಲೂಕಿನ ಕೆಂಚನಗುಡ್ಡ ತುಂಗಭದ್ರೆಯ ದಡದಲ್ಲಿರುವ ಗ್ರಾಮ. ಮಂತ್ರಾಲಯ ಪರಂಪರೆಯ ಯತಿಗಳಾದ ಶ್ರೀ ವಸುಧೇಂದ್ರ ತೀರ್ಥರ ಬೃಂದಾವನ ಇಲ್ಲಿದೆ. ಸುತ್ತಲಿನದು ಭತ್ತದ ಸೀಮೆ. ಸಮೀಪದ ಸಿರುಗುಪ್ಪ ಅಕ್ಕಿ ಗಿರಣಿಗಳ ಊರು. ಈ ಕಡೆಗೆ ಬಂದು ಒಂದೆರಡು ರಾತ್ರಿ ಉಳಿಯುವವರೆಲ್ಲ ಒಂದೇ ಬಗೆಯವರಲ್ಲ. ದರ್ಶನಕ್ಕೆ ಬಂದ ಕುಟುಂಬ ಛತ್ರ ಎಲ್ಲಿದೆ ಎಂದು ವಿಚಾರಿಸುತ್ತದೆ. ಅಕ್ಕಿ ಖರೀದಿಗೆ ಬಂದ ವ್ಯಾಪಾರಿ ಬಸ್ ನಿಲ್ದಾಣದ ಬಳಿ ಲಾಡ್ಜ್ ಕೇಳುತ್ತಾನೆ. ತಪಾಸಣೆಗೆ ಬಂದ ಅಧಿಕಾರಿಗೆ ಪ್ರವಾಸಿ ಮಂದಿರ, ಗಿರಣಿಯ ಯಂತ್ರ ಜೋಡಿಸಲು ಬಂದ ತಂತ್ರಜ್ಞನಿಗೆ ಗೆಸ್ಟ್ ಹೌಸ್, ಹೊಸ ಗೋದಾಮು ಕಟ್ಟಲು ಬಂದ ಕೂಲಿಕಾರರಿಗೆ ಶೆಡ್ಡು. ಹಂಪಿ ನೋಡಿಕೊಂಡು ಮಂತ್ರಾಲಯದತ್ತ ಹೊರಟ ಪ್ರವಾಸಿಗ ಹೋಂ ಸ್ಟೇ ಹುಡುಕುತ್ತಾನೆ.

ಎಲ್ಲರಿಗೂ ಬೇಕಾದದ್ದು ರಾತ್ರಿ ಕಳೆಯಲು ಒಂದು ಸೂರು. ನಿಘಂಟು ಈ ಪದಗಳನ್ನು ಸಮಾನಾರ್ಥಕಗಳೆಂದು ಒಂದೇ ಸಾಲಿನಲ್ಲಿ ಪೋಣಿಸುತ್ತದೆ. ವ್ಯಾಪಾರದಲ್ಲಿ ಮಾತ್ರ ಇವು ಸಮಾನವಲ್ಲ. ಯಾರು ಬರಬಹುದು, ಎಷ್ಟು ದಿನ ಇರಬಹುದು, ಊಟ ಯಾರದು, ಹಣ ಎಷ್ಟು ಎಂಬ ನಾಲ್ಕು ಪ್ರಶ್ನೆಗಳಿಗೆ ಒಂದೊಂದು ಪದವೂ ಒಂದೊಂದು ಉತ್ತರ ಹೇಳುತ್ತದೆ. ಫಲಕದ ಮೇಲೆ ಬರೆಸಿದ ಹೆಸರು ಗ್ರಾಹಕನಿಗೆ ಕೊಟ್ಟ ಮಾತು. ತೆರಿಗೆ ಅಧಿಕಾರಿಯ ಮುಂದೆ ಮಾತ್ರ ಆ ಹೆಸರು ಕೊನೆಯ ಮಾತಲ್ಲ. ಈ ಎರಡು ಸಂಗತಿಗಳ ನಡುವಿನ ಅಂತರವನ್ನು ವಸತಿ ನಡೆಸುವವರೂ ವಸತಿ ಹಿಡಿಯುವವರೂ ಅರಿತಿರುವುದು ಲೇಸು.

ಒಂದೇ ಬೇರಿನ ಪದಗಳು

ಹೋಟೆಲ್, ಹಾಸ್ಟೆಲ್, ಹಾಸ್ಪಿಟಲ್ ಎಂಬ ಮೂರೂ ಪದಗಳು ಲ್ಯಾಟಿನ್ ಭಾಷೆಯ ಒಂದೇ ಬೇರಿನಿಂದ ಹುಟ್ಟಿ, ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದವು. ಅದರ ಮೂಲದಲ್ಲಿರುವ ‘ಹಾಸ್ಪೆಸ್’ ಎಂಬ ಲ್ಯಾಟಿನ್ ಪದಕ್ಕೆ ಅತಿಥಿ ಎಂಬ ಅರ್ಥವೂ ಉಂಟು, ಆತಿಥೇಯ ಎಂಬ ಅರ್ಥವೂ ಉಂಟು. ದಣಿದು ಬಂದವನನ್ನು ಒಳಗೆ ಕರೆದುಕೊಳ್ಳುವ ಮನೆಯೇ ಮುಂದೆ ರೋಗಿಗೆ ಆಸ್ಪತ್ರೆಯಾಗಿ, ವಿದ್ಯಾರ್ಥಿಗೆ ಹಾಸ್ಟೆಲ್ ಆಗಿ, ಹಣ ಕೊಡುವ ಪ್ರಯಾಣಿಕನಿಗೆ ಹೋಟೆಲ್ ಆಗಿ ಕವಲೊಡೆಯಿತು. ಅತಿಥಿ ಎಂದರೆ ಬರುವ ತಿಥಿ ನಿಶ್ಚಿತವಿಲ್ಲದವನು ಎಂದು ನಮ್ಮಲ್ಲಿ ಸಾಂಪ್ರದಾಯಿಕವಾಗಿ ಅರ್ಥ ಹೇಳುವುದುಂಟು. ಇಂದಿನ ವಸತಿ ವ್ಯವಹಾರದಲ್ಲಿ ಅತಿಥಿಯ ತಿಥಿಯೇ ಮೊದಲು ನಿಶ್ಚಯವಾಗಬೇಕು. ಮುಂಗಡ ಪಾವತಿಯೂ ಅದರ ಮೇಲೆಯೇ ನಿಂತಿದೆ.

‘ಇನ್’ ಎಂಬುದು ಹಳೆಯ ಇಂಗ್ಲಿಷಿನ ಅಚ್ಚ ಪದ. ‘ಒಳಗೆ’ ಎಂಬುದೇ ಅದರ ಮೂಲಾರ್ಥ. ‘ಲಾಡ್ಜ್’ ಎಂದರೆ ಮೊದಲಿಗೆ ಹಂದರ ಅಥವಾ ಗುಡಿಸಲು; ಆಮೇಲೆ ಕಾಡಿನಲ್ಲಿ ಬೇಟೆಗಾರರು ತಂಗುವ ಮನೆ. ‘ಡಾರ್ಮಿಟರಿ’ ಎಂದರೆ ನಿದ್ರಿಸುವ ಜಾಗ, ಅಷ್ಟೇ. ‘ಮೋಟೆಲ್’ ತೀರ ಈಚಿನ ಪದ. ಕಾರು ಓಡಿಸಿಕೊಂಡು ಬರುವವರಿಗಾಗಿ 1925ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿ ಒಬಿಸ್ಪೊ ಪಟ್ಟಣದಲ್ಲಿ ಆರಂಭವಾದ ವಸತಿಗೃಹವೊಂದು ‘ಮೋಟರ್’ ಮತ್ತು ‘ಹೋಟೆಲ್’ ಪದಗಳನ್ನು ಬೆಸೆದು ಈ ಹೆಸರನ್ನು ಇಟ್ಟುಕೊಂಡಿತು. ‘ಪೇಯಿಂಗ್ ಗೆಸ್ಟ್’ ಎಂಬುದು, ಮನೆಯಲ್ಲಿ ಬಾಡಿಗೆದಾರನನ್ನು ಇಟ್ಟುಕೊಂಡ ಗೃಹಸ್ಥರು ಮುಜುಗರ ತಪ್ಪಿಸಿಕೊಳ್ಳಲು ಬಳಸಿದ ಮರ್ಯಾದೆಯ ಮಾತು. ಇಂದು ನಗರಗಳಲ್ಲಿ ಪಿ.ಜಿ. ಎಂದರೆ ಒಂದು ಇಡೀ ಕಟ್ಟಡ. ಅನೇಕ ಕಡೆ ಮಾಲೀಕನ ಕುಟುಂಬ ಅಲ್ಲಿ ವಾಸಿಸುವುದೇ ಇಲ್ಲ. ಹೆಸರು ಉಳಿಯಿತು, ಅದರ ಹಿಂದಿದ್ದ ಏರ್ಪಾಡು ಬದಲಾಯಿತು.

ಇಲ್ಲಿಂದ ಅಲ್ಲಿಗೆ ಹೋದ ಪದಗಳು

ಪದಗಳ ಆಮದು ಮಾತ್ರವಲ್ಲ, ರಫ್ತೂ ನಡೆದಿದೆ. ‘ಬಂಗಲೆ’ ಬಂಗಾಳದ ಮನೆಯ ಹೆಸರು. ಇಂಗ್ಲಿಷರು ಅದನ್ನು ತಮ್ಮ ಭಾಷೆಗೆ ಒಯ್ದರು. ಟಪ್ಪಾಲಿನ ದಾರಿಯುದ್ದಕ್ಕೂ ಕಟ್ಟಿಸಿದವು ಡಾಕ್ ಬಂಗಲೆಗಳು. ಮುಂದೆ ಟ್ರಾವೆಲರ್ಸ್ ಬಂಗಲೆ ಟಿ.ಬಿ. ಎಂದೂ ಇನ್‌ಸ್ಪೆಕ್ಷನ್ ಬಂಗಲೆ ಐ.ಬಿ. ಎಂದೂ ಮೊಟಕಾಗಿ ಕಚೇರಿಯ ಕನ್ನಡದಲ್ಲಿ ನೆಲೆಯೂರಿದವು. ಹೊಸಪೇಟೆಯಲ್ಲಿ ಟಿ.ಬಿ. ಎಂದರೆ ಜನರಿಗೆ ಮೊದಲು ನೆನಪಾಗುವುದು ತುಂಗಭದ್ರಾ ಜಲಾಶಯ. ಉಳಿದ ಊರುಗಳಲ್ಲಿ ಪ್ರವಾಸಿ ಮಂದಿರ. ‘ಸರಾಯ್’ ಪರ್ಷಿಯನ್ ಮೂಲದ್ದು. 1867ರಷ್ಟು ಹಿಂದೆಯೇ ಬ್ರಿಟಿಷ್ ಸರ್ಕಾರ ಪ್ರಯಾಣಿಕರ ತಂಗುದಾಣಗಳ ನಿಯಂತ್ರಣಕ್ಕೆಂದು ಮಾಡಿದ ಕಾಯಿದೆಯ ಹೆಸರೇ ಸರಾಯ್ ಕಾಯಿದೆ.

ದಕ್ಷಿಣದಲ್ಲಿ ಇಂಗ್ಲಿಷರ ಬಾಯಿಗೆ ಹತ್ತಿದ ಪದ ‘ಚೌಲ್ಟ್ರಿ’. ಅದು ನಮ್ಮ ‘ಚಾವಡಿ’ಯ ಬಂಧು. 1886ರಲ್ಲಿ ಪ್ರಕಟವಾದ ಯೂಲ್ ಮತ್ತು ಬರ್ನೆಲ್ ಅವರ ‘ಹಾಬ್ಸನ್ ಜಾಬ್ಸನ್’ ಎಂಬ ಆಂಗ್ಲೋ ಇಂಡಿಯನ್ ಪದಕೋಶದಲ್ಲಿ ಅದಕ್ಕೆ ಸ್ಥಾನ ಸಿಕ್ಕಿದೆ. ಬಳ್ಳಾರಿ ಸೀಮೆ 1800ರಿಂದ ಒಂದೂವರೆ ಶತಮಾನ ಮದರಾಸು ಆಡಳಿತದಲ್ಲಿದ್ದು, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಮದರಾಸಿನ ಕಡತಗಳಲ್ಲಿ ದಾರಿಹೋಕರಿಗಾಗಿ ಕಟ್ಟಿಸಿದ ಛತ್ರಗಳೆಲ್ಲ ಚೌಲ್ಟ್ರಿಗಳೇ. ಅಲ್ಲಿ ತಂಗಲು ಹಣ ಕೊಡಬೇಕಾಗಿರಲಿಲ್ಲ. ಕಟ್ಟಿಸಿದವರಿಗೆ ಬರುತ್ತಿದ್ದ ಲಾಭ ಪುಣ್ಯ ಮತ್ತು ಕೀರ್ತಿ. ಇಂದು ಬೆಂಗಳೂರು, ಮೈಸೂರುಗಳಲ್ಲಿ ಚೌಲ್ಟ್ರಿ ಎಂದರೆ ಮದುವೆಯ ಮಂಟಪ. ದಾರಿಹೋಕನ ಜಾಗಕ್ಕೆ ದಿಬ್ಬಣ ಬಂದಿದೆ, ಧರ್ಮದ ಜಾಗಕ್ಕೆ ದಿನದ ಬಾಡಿಗೆ.

ಕನ್ನಡದಲ್ಲಿ ಅರ್ಥ ಬದಲಿಸಿದ ಪದಗಳು

ಇಂಗ್ಲಿಷಿನಲ್ಲಿ ಹೋಟೆಲ್ ಎಂದರೆ ಮಲಗುವ ಕೋಣೆಗಳಿರುವ ಸ್ಥಳ. ಕನ್ನಡಿಗರಿಗೆ ಹೋಟೆಲ್ ಎಂದರೆ ಇಡ್ಲಿ, ದೋಸೆ, ಕಾಫಿ. ಕೋಣೆ ಬೇಕಾದವರು ಲಾಡ್ಜ್ ಎನ್ನುತ್ತಾರೆ. ಊಟ ಮಾತ್ರ ಸಾಕಾದವರು ಉತ್ತರ ಕರ್ನಾಟಕದ ಕಡೆ ಖಾನಾವಳಿ ಎನ್ನುತ್ತಾರೆ. ಈ ಗೊಂದಲ ನೀಗಲೆಂದೇ ಹಳೆಯ ಫಲಕಗಳ ಮೇಲೆ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಎಂದು ಎರಡನ್ನೂ ಬರೆಸುತ್ತಿದ್ದರು. ಬೋರ್ಡಿಂಗ್ ಎಂದರೆ ಊಟ, ಲಾಡ್ಜಿಂಗ್ ಎಂದರೆ ವಸತಿ. ಇಷ್ಟು ಸ್ಪಷ್ಟವಾದ ಫಲಕ ಮತ್ತೊಂದಿಲ್ಲ.

ಲಾಡ್ಜ್ ಎಂಬ ಪದದ ಹಣೆಬರಹವೂ ಎರಡಾಯಿತು. ಜನಸಾಮಾನ್ಯರ ಕನ್ನಡದಲ್ಲಿ ಅದು ಬಸ್ ನಿಲ್ದಾಣದ ಎದುರಿನ ಅಗ್ಗದ ಕೋಣೆ. ರಾಜ್ಯ ಸರ್ಕಾರದ್ದೇ ಸಂಸ್ಥೆಯಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ 1980ರಲ್ಲಿ ಆರಂಭವಾದಾಗ ಆ ಪದವನ್ನು ಅದರ ಇಂಗ್ಲಿಷ್ ಅರ್ಥದಲ್ಲಿ, ಕಾಡಿನ ನಡುವಿನ ಮನೆಯೆಂಬ ಅರ್ಥದಲ್ಲಿ ಎತ್ತಿಕೊಂಡಿತು. ಕಬಿನಿಯಲ್ಲಿ ಅದರ ವಸತಿಗೆ ರಿವರ್ ಲಾಡ್ಜ್ ಎಂಬ ಹೆಸರಿದೆ. ಕಮಲಾಪುರದ ಬಳಿ ಅದೇ ಸಂಸ್ಥೆ ರೆಸಾರ್ಟ್ ಎಂಬ ಪದವನ್ನು ಬಳಸಿದೆ. ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವಾದರೋ ‘ಮಯೂರ’ ಎಂಬ ಕನ್ನಡದ ಹೆಸರನ್ನು ನೆಚ್ಚಿಕೊಂಡು, ಕಮಲಾಪುರದಲ್ಲಿ ಮಯೂರ ಭುವನೇಶ್ವರಿಯನ್ನೂ ತುಂಗಭದ್ರಾ ಜಲಾಶಯದ ಬಳಿ ಮಯೂರ ವಿಜಯನಗರವನ್ನೂ ನಡೆಸಿಕೊಂಡು ಬಂದಿದೆ. ಒಂದೇ ಪದಕ್ಕೆ ಒಬ್ಬ ಗ್ರಾಹಕ ಕಡಿಮೆ ದರವನ್ನೂ ಇನ್ನೊಬ್ಬ ಗ್ರಾಹಕ ಹೆಚ್ಚಿನ ಸೌಕರ್ಯವನ್ನೂ ನಿರೀಕ್ಷಿಸುತ್ತಾನೆ ಎಂಬುದು ಇಲ್ಲಿನ ಪಾಠ. ಹೊರರಾಜ್ಯದ, ಹೊರದೇಶದ ಗಿರಾಕಿಯನ್ನು ಬಯಸುವವರು ತಮ್ಮ ಫಲಕವನ್ನು ಅವರ ಕಣ್ಣಿನಿಂದಲೂ ಒಮ್ಮೆ ಓದಬೇಕು.

ಕ್ಯಾಂಪ್: ತಾತ್ಕಾಲಿಕವೇ ಕಾಯಂ ಆದಾಗ

ತಾತ್ಕಾಲಿಕ ವಸತಿಯ ಪದವೊಂದು ಊರಿನ ಹೆಸರೇ ಆಗಿಬಿಟ್ಟದ್ದಕ್ಕೆ ತುಂಗಭದ್ರಾ ಅಚ್ಚುಕಟ್ಟಿಗಿಂತ ಒಳ್ಳೆಯ ನಿದರ್ಶನ ಸಿಗಲಾರದು. 1953ರಲ್ಲಿ ಜಲಾಶಯದ ನೀರು ಕಾಲುವೆಗಳಿಗೆ ಹರಿಯತೊಡಗಿದ ಮೇಲೆ ಕರಾವಳಿ ಆಂಧ್ರದಿಂದ ರೈತ ಕುಟುಂಬಗಳು ಬಂದು, ಭೂಮಿ ಖರೀದಿಸಿ, ಹೊಲದ ಬದಿಯಲ್ಲೇ ಬಿಡಾರ ಹೂಡಿದವು. ಆ ಬಿಡಾರಗಳಿಗೆ ಕ್ಯಾಂಪ್ ಎಂದು ಹೆಸರಾಯಿತು. ಗುಡಿಸಲುಗಳು ಹೋಗಿ ಆರ್‌ಸಿಸಿ ಮನೆಗಳು ಬಂದವು. ಶಾಲೆ, ಗುಡಿ, ಅಕ್ಕಿ ಗಿರಣಿ ಎದ್ದವು. ಸಿರುಗುಪ್ಪ, ಗಂಗಾವತಿ, ಸಿಂಧನೂರು ತಾಲ್ಲೂಕುಗಳಲ್ಲಿ ಕ್ಯಾಂಪ್ ಇಂದಿಗೂ ಅಂಚೆಯ ವಿಳಾಸ. ಭತ್ತದ ವ್ಯಾಪಾರ ಮಾಡುವವರಿಗೆ ಆ ಪದ ಡೇರೆಯನ್ನು ನೆನಪಿಸುವುದಿಲ್ಲ, ಭತ್ತದ ಚೀಲವನ್ನು ನೆನಪಿಸುತ್ತದೆ.

ಬಳ್ಳಾರಿ ನಗರದಲ್ಲಿಯೂ ಇದೇ ಕಥೆ. ‘ಕಂಟೋನ್ಮೆಂಟ್’ ಎಂದರೆ ಮೂಲದಲ್ಲಿ ಸೈನಿಕರಿಗೆ ತಾತ್ಕಾಲಿಕವಾಗಿ ಹಂಚಿಕೊಟ್ಟ ಬಿಡಾರ. ದಂಡು ಹೋದ ಮೇಲೂ ಬಡಾವಣೆಗೂ ರೈಲು ನಿಲ್ದಾಣಕ್ಕೂ ಆ ಹೆಸರು ಅಂಟಿಕೊಂಡಿತು. ಶಾಸನಗಳಲ್ಲಿ ಬರುವ ಬೀಡು, ನೆಲೆವೀಡುಗಳೂ ಊರುಗಳ ಹೆಸರಿನ ತುದಿಯ ಪಾಳ್ಯವೂ ಇದೇ ಜಾತಿಯವು. ಇಳಿದವರು ಉಳಿದರೆ ಪದದ ಅರ್ಥವೂ ಅವರೊಡನೆ ನೆಲೆ ನಿಲ್ಲುತ್ತದೆ.

ಇದೇ ಸಾಲಿನ ಬಡ ಸದಸ್ಯ ಶೆಡ್ಡು. ಕಾರ್ಖಾನೆ, ಗೋದಾಮು ಕಟ್ಟಿಸುವವರು ಕೂಲಿಕಾರರ ವಸತಿಯನ್ನು ಶೆಡ್ಡು ಎಂದು ಕರೆದು ಹಗುರವಾಗಿ ನೋಡುವುದುಂಟು. ಕಾನೂನು ಅದನ್ನು ಹಗುರವಾಗಿ ನೋಡಿಲ್ಲ. ಕಟ್ಟಡ ಕಾರ್ಮಿಕರಿಗೆ ಕೆಲಸದ ಸ್ಥಳದಲ್ಲಿ ಅಥವಾ ಅದರ ಸಮೀಪದಲ್ಲಿ, ಕೆಲಸ ಮುಗಿಯುವವರೆಗೆ, ಬಾಡಿಗೆಯಿಲ್ಲದೆ ತಾತ್ಕಾಲಿಕ ವಸತಿ ಕೊಡಬೇಕು, ಅಡುಗೆ, ಸ್ನಾನ, ಬಟ್ಟೆ ಒಗೆತ ಹಾಗೂ ಶೌಚಕ್ಕೆ ಪ್ರತ್ಯೇಕ ವ್ಯವಸ್ಥೆ ಇರಬೇಕು ಎಂದು 1996ರ ಕಟ್ಟಡ ಕಾರ್ಮಿಕರ ಕಾಯಿದೆಯ 34ನೆಯ ಕಲಮು ವಿಧಿಸಿತ್ತು. ಆ ಕಾಯಿದೆಯ ವಿಷಯಗಳು 2025ರ ನವೆಂಬರ್ 21ರಿಂದ ಔದ್ಯೋಗಿಕ ಸುರಕ್ಷತೆ ಹಾಗೂ ಆರೋಗ್ಯ ಸಂಹಿತೆಯ ವ್ಯಾಪ್ತಿಗೆ ಬಂದಿವೆ.

ನ್ಯಾಯಾಲಯದ ಮುಂದೆ ಏಳು ಪದಗಳು

ಪದಗಳ ಈ ಸೂಕ್ಷ್ಮ ಭೇದ ಲಕ್ಷಾಂತರ ರೂಪಾಯಿಯ ಪ್ರಶ್ನೆಯಾಗಬಲ್ಲುದು ಎಂಬುದಕ್ಕೆ ಬೆಂಗಳೂರಿನ ಒಂದು ಪ್ರಕರಣ ಸಾಕ್ಷಿ. 42 ಕೋಣೆಗಳ ವಸತಿ ಕಟ್ಟಡವೊಂದನ್ನು ಅದರ ಮಾಲೀಕರು ಒಂದು ಕಂಪನಿಗೆ ಭೋಗ್ಯಕ್ಕೆ ಕೊಟ್ಟರು. ಕಂಪನಿ ಅದನ್ನು ವಿದ್ಯಾರ್ಥಿಗಳಿಗೂ ಉದ್ಯೋಗಸ್ಥರಿಗೂ ಹಾಸ್ಟೆಲ್ ಆಗಿ ನಡೆಸಿತು. ವಾಸದ ಮನೆಯನ್ನು ವಾಸಕ್ಕಾಗಿ ಬಾಡಿಗೆಗೆ ಕೊಟ್ಟರೆ ಸರಕು ಮತ್ತು ಸೇವಾ ತೆರಿಗೆಯಿಂದ ವಿನಾಯಿತಿ ಇತ್ತು. ಹಾಸ್ಟೆಲ್ ವಾಸದ ಮನೆಯೋ, ತಂಗುವ ಸ್ಥಳವೋ? ವಾಸದ ಮನೆಯಾದರೆ ತೆರಿಗೆ ಇಲ್ಲ. ತಂಗುವ ಸ್ಥಳವಾದರೆ ಬಾಡಿಗೆಯ ಮೇಲೆ ಶೇ. 18.

ತೆರಿಗೆಯ ಕಾಯಿದೆಯಲ್ಲಿ ‘ವಾಸದ ಮನೆ’ ಎಂಬುದಕ್ಕೆ ವ್ಯಾಖ್ಯೆ ಇರಲಿಲ್ಲ. ಹಿಂದಿನ ಸೇವಾ ತೆರಿಗೆಯ ಕಾಲದಲ್ಲಿ, 2012ರಲ್ಲಿ, ಕೇಂದ್ರ ಮಂಡಳಿ ಹೊರಡಿಸಿದ ಮಾರ್ಗದರ್ಶಿಯೊಂದು ನೆರವಿಗೆ ಬಂತು. ವಾಸದ ಮನೆ ಎಂಬುದರಲ್ಲಿ ಹೋಟೆಲ್, ಮೋಟೆಲ್, ಇನ್, ಗೆಸ್ಟ್ ಹೌಸ್, ಕ್ಯಾಂಪ್ ಸೈಟ್, ಲಾಡ್ಜ್, ಹೌಸ್ ಬೋಟ್ ಮತ್ತು ಅಂಥವೇ ತಾತ್ಕಾಲಿಕ ತಂಗುದಾಣಗಳು ಸೇರುವುದಿಲ್ಲ ಎಂದು ಅದು ಹೇಳಿತ್ತು. ಪಟ್ಟಿಯಲ್ಲಿ ಏಳು ಪದಗಳಿದ್ದವು; ಹಾಸ್ಟೆಲ್ ಇರಲಿಲ್ಲ. ಹಾಸ್ಟೆಲ್ ಕೂಡ ಗೆಸ್ಟ್ ಹೌಸಿನ ಬಳಗದ್ದೇ ಎಂದು ರಾಜ್ಯದ ಮುಂಗಡ ತೀರ್ಪಿನ ಮೇಲ್ಮನವಿ ಪ್ರಾಧಿಕಾರ ಭಾವಿಸಿತು. ಕರ್ನಾಟಕ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಆ ಅಭಿಪ್ರಾಯವನ್ನು ಒಪ್ಪಲಿಲ್ಲ. ಅಲ್ಲಿ ಇರುವವರು ಮೂರರಿಂದ ಹನ್ನೆರಡು ತಿಂಗಳು ಉಳಿಯುತ್ತಾರೆ, ಊಟ, ನಿದ್ರೆ, ವಾಸ ಎಲ್ಲವೂ ಅಲ್ಲಿಯೇ ಎಂಬುದನ್ನು ಗಣನೆಗೆ ತೆಗೆದುಕೊಂಡು, ಅದು ವಾಸದ ಮನೆಯೇ ಎಂದು ತೀರ್ಮಾನಿಸಿತು. 2025ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಈ ನಿಲುವನ್ನು ಎತ್ತಿಹಿಡಿಯಿತು.

ಆದರೆ ಈ ತೀರ್ಪನ್ನು ಎಲ್ಲ ಬಾಡಿಗೆಗಳಿಗೂ ಅನ್ವಯಿಸಿಕೊಳ್ಳುವಂತಿಲ್ಲ. 2022ರ ಜುಲೈ 18ರಿಂದ ನಿಯಮ ಬದಲಾಗಿ, ನೋಂದಾಯಿತ ವ್ಯವಹಾರಸ್ಥರು ವಾಸದ ಮನೆಯನ್ನು ವ್ಯವಹಾರಕ್ಕೆಂದು ಬಾಡಿಗೆಗೆ ಹಿಡಿದರೆ ವಿನಾಯಿತಿ ದೊರೆಯುವುದಿಲ್ಲ. ಹಾಸ್ಟೆಲ್, ಪಿ.ಜಿ.ಗಳಲ್ಲಿ ಇರುವವರ ವಿಷಯವೂ 2024ರ ಜುಲೈ 15ರಿಂದ ಇತ್ಯರ್ಥವಾಯಿತು. ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿ ಮೀರದ, ಸತತ 90 ದಿನಗಳಿಗೆ ಕಡಿಮೆಯಿಲ್ಲದ ವಸತಿಗೆ ತೆರಿಗೆ ಇಲ್ಲ. ಇಲ್ಲಿ ಕಾನೂನು ಹೆಸರನ್ನು ಬಿಟ್ಟು ಹಣವನ್ನೂ ದಿನಗಳನ್ನೂ ಅಳತೆಗೋಲು ಮಾಡಿಕೊಂಡಿದೆ.

ಯಾವುದೇ ಹೆಸರಿನಿಂದ ಕರೆದರೂ

ಕರ್ನಾಟಕದಲ್ಲಿ 1979ರ ವಿಲಾಸ ತೆರಿಗೆ ಕಾಯಿದೆ ಹೋಟೆಲ್ ಮತ್ತು ಲಾಡ್ಜಿಂಗ್ ಹೌಸ್‌ಗಳನ್ನು ಹೆಸರಿಸಿಯೇ ತೆರಿಗೆ ವಿಧಿಸುತ್ತಿತ್ತು. 2017ರ ಜುಲೈ 1ರಂದು ಹೊಸ ತೆರಿಗೆ ಪದ್ಧತಿ ಬಂದಾಗ ಆ ತೆರಿಗೆ ಅದರಲ್ಲಿ ವಿಲೀನವಾಯಿತು. ಹೊಸ ಕಾನೂನು ಹೋಟೆಲ್, ಇನ್, ಗೆಸ್ಟ್ ಹೌಸ್, ಹೋಂ ಸ್ಟೇ, ಕ್ಲಬ್, ಕ್ಯಾಂಪ್ ಸೈಟ್ ಎಂದು ಪಟ್ಟಿ ಮಾಡಿ, ‘ಯಾವುದೇ ಹೆಸರಿನಿಂದ ಕರೆದರೂ’ ಎಂಬ ಮಾತನ್ನು ಸೇರಿಸಿತು. ಫಲಕ ಬದಲಿಸಿ ತೆರಿಗೆ ತಪ್ಪಿಸುವ ದಾರಿ ಅಲ್ಲಿಗೆ ಮುಚ್ಚಿತು.

ದರಗಳು ಮಾತ್ರ ಹಲವು ಬಾರಿ ಬದಲಾಗಿವೆ. ದಿನಕ್ಕೆ 1,000 ರೂಪಾಯಿವರೆಗಿನ ಕೋಣೆಗೆ ಇದ್ದ ವಿನಾಯಿತಿ 2022ರ ಜುಲೈ 18ರಂದು ಕೊನೆಗೊಂಡು ಶೇ. 12 ತೆರಿಗೆ ಬಂತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಕೋಣೆಗಳಿಗೆ ಶೇ. 5, ಆದರೆ ಈ ದರದಲ್ಲಿ ವಸತಿಗೃಹದವರು ತಮ್ಮ ಖರೀದಿಯ ಮೇಲಿನ ತೆರಿಗೆಯನ್ನು ಜಮೆ ಪಡೆಯುವಂತಿಲ್ಲ. 7,500 ಮೀರಿದರೆ ಶೇ. 18. ಹೀಗಾಗಿ 900 ರೂಪಾಯಿಯ ಕೋಣೆಗೆ ಮೊದಲು ತೆರಿಗೆ ಇರಲಿಲ್ಲ, ಬಳಿಕ 108 ರೂಪಾಯಿ ಆಯಿತು, ಈಗ 45 ರೂಪಾಯಿ.

ಛತ್ರಗಳ ಮಾತು ಬೇರೆ. ನೋಂದಾಯಿತ ಧಾರ್ಮಿಕ ಅಥವಾ ಧರ್ಮಾರ್ಥ ಸಂಸ್ಥೆಗಳು ಧಾರ್ಮಿಕ ಸ್ಥಳದ ಆವರಣದಲ್ಲಿ ದಿನಕ್ಕೆ 1,000 ರೂಪಾಯಿಗಿಂತ ಕಡಿಮೆ ಬಾಡಿಗೆಗೆ ಕೊಡುವ ಕೋಣೆಗಳಿಗೆ ವಿನಾಯಿತಿ ಮುಂದುವರಿದಿದೆ. ಕಲ್ಯಾಣ ಮಂಟಪಕ್ಕೆ ಈ ಮಿತಿ ದಿನಕ್ಕೆ 10,000 ರೂಪಾಯಿ. ಚೌಲ್ಟ್ರಿ ಎಂಬ ಒಂದೇ ಪದದ ಹಳೆಯ ಅರ್ಥಕ್ಕೆ ಒಂದು ಮಿತಿ, ಹೊಸ ಅರ್ಥಕ್ಕೆ ಇನ್ನೊಂದು ಮಿತಿ. 2022ರ ಜುಲೈನಲ್ಲಿ ಅಮೃತಸರದ ಸರಾಯ್‌ಗಳಿಗೂ ತೆರಿಗೆ ಬಿತ್ತೆಂಬ ವಿವಾದ ಎದ್ದಾಗ, ಸರಾಯ್‌ಗಳು ಆವರಣ ಗೋಡೆಯ ಹೊರಗಿದ್ದರೂ ಈ ವಿನಾಯಿತಿ ಪಡೆಯಬಹುದೆಂದು ಕೇಂದ್ರ ಹಣಕಾಸು ಸಚಿವಾಲಯ ಆಗಸ್ಟ್ ಮೊದಲ ವಾರದಲ್ಲಿ ಸ್ಪಷ್ಟಪಡಿಸಿತು. ಕುರುಗೋಡಿನ ದೊಡ್ಡಬಸವೇಶ್ವರ, ಕೆಂಚನಗುಡ್ಡದ ಬೃಂದಾವನದಂಥ ಕ್ಷೇತ್ರಗಳಿಗೆ ಬರುವ ಯಾತ್ರಿಕರ ವಸತಿಯ ಬಗ್ಗೆ ಯೋಚಿಸುವ ಸಂಸ್ಥೆಗಳು ಇದನ್ನು ಗಮನದಲ್ಲಿಡಬೇಕು. ಖಾಸಗಿ ವ್ಯಕ್ತಿ ತನ್ನ ಕಟ್ಟಡಕ್ಕೆ ಛತ್ರವೆಂದು ಹೆಸರಿಟ್ಟ ಮಾತ್ರಕ್ಕೆ ಈ ವಿನಾಯಿತಿ ಸಿಗದು.

ಸದಸ್ಯರು ಗಮನಿಸಬೇಕಾದ ಅಂಶಗಳು

ವ್ಯಾಪಾರಕ್ಕಾಗಿ ಪ್ರವಾಸ ಮಾಡುವವರು ಕೋಣೆಯ ಬಿಲ್ಲಿನಲ್ಲಿ ತಮ್ಮ ಸಂಸ್ಥೆಯ ಹೆಸರನ್ನೂ ನೋಂದಣಿ ಸಂಖ್ಯೆಯನ್ನೂ ಬರೆಸಬೇಕು. ವಸತಿಯ ತೆರಿಗೆ ಕಟ್ಟಡ ಇರುವ ರಾಜ್ಯಕ್ಕೆ ಸೇರುತ್ತದೆ. ಬಳ್ಳಾರಿಯ ವರ್ತಕರು ಬೆಂಗಳೂರಿನಲ್ಲಿ ವ್ಯವಹಾರಕ್ಕಾಗಿ ತಂಗಿದರೆ ಆ ತೆರಿಗೆಯನ್ನು ಜಮೆ ಪಡೆಯಬಹುದು. ಆದವಾನಿಯಲ್ಲಿ ತಂಗಿದರೆ, ಕರ್ನಾಟಕದ ನೋಂದಣಿ ಮಾತ್ರ ಇರುವವರಿಗೆ ಅದು ಖರ್ಚು. 1953ರವರೆಗೆ ಆದವಾನಿಯೂ ಬಳ್ಳಾರಿ ಜಿಲ್ಲೆಯೊಳಗೇ ಇತ್ತು. ಅಂದು ಎಳೆದ ಗಡಿ ಇಂದು ಲೆಕ್ಕಪುಸ್ತಕದಲ್ಲಿಯೂ ಕಾಣುತ್ತದೆ.

ಊಟದ ಬಿಲ್ಲನ್ನೂ ಕೋಣೆಯ ಬಿಲ್ಲನ್ನೂ ಬೇರೆಬೇರೆಯಾಗಿ ಕೇಳಿ ಪಡೆಯಬೇಕು. ಸಾಮಾನ್ಯವಾಗಿ ಊಟೋಪಚಾರದ ತೆರಿಗೆಗೆ ಜಮೆ ಇಲ್ಲ, ವಸತಿಯ ತೆರಿಗೆಗೆ ಇದೆ. ಕನ್ನಡಿಗರ ಹೋಟೆಲ್ಲಿಗೂ ಇಂಗ್ಲಿಷಿನ ಹೋಟೆಲ್ಲಿಗೂ ಇರುವ ವ್ಯತ್ಯಾಸ ತೆರಿಗೆಯ ಕಾಯಿದೆಯಲ್ಲಿ ಹೀಗೆ ಉಳಿದುಕೊಂಡಿದೆ.

ಮನೆಯ ಒಂದೆರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡಬಯಸುವವರು ಹೋಂ ಸ್ಟೇ ಎಂಬ ಪದದ ತೂಕವನ್ನು ತಿಳಿದಿರಬೇಕು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಡಿ ಮಾನ್ಯತೆ ಪಡೆಯಲು ಕೋಣೆಗಳು ಒಂದರಿಂದ ಆರರೊಳಗೆ ಇರಬೇಕು, ಮನೆಯವರು ಅಲ್ಲಿಯೇ ವಾಸವಾಗಿರಬೇಕು. ಬೀಗ ಹಾಕಿದ ಮನೆಯ ಕೀಲಿಯನ್ನು ಕಾವಲುಗಾರನ ಕೈಗೆ ಕೊಟ್ಟು ನಡೆಸುವುದು ಗೆಸ್ಟ್ ಹೌಸ್ ಆದೀತೇ ಹೊರತು ಹೋಂ ಸ್ಟೇ ಅಲ್ಲ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದ ಸಣ್ಣ ವಸತಿದಾರರು ಅಂತರಜಾಲದ ಬುಕಿಂಗ್ ಸಂಸ್ಥೆಯ ಮೂಲಕ ಕೋಣೆ ಕೊಟ್ಟರೆ, ತೆರಿಗೆ ಕಟ್ಟುವ ಹೊಣೆ ಆ ಸಂಸ್ಥೆಯದಾಗುತ್ತದೆ. ಕರಾರಿಗೆ ಸಹಿ ಹಾಕುವ ಮೊದಲು ಆ ಮೊತ್ತ ಯಾರ ಪಾಲಿನಿಂದ ಕಡಿತವಾಗುತ್ತದೆಂದು ಕೇಳಿ ತಿಳಿಯಬೇಕು. ವಿದೇಶಿಯರಿಗೆ ವಸತಿ ಕೊಟ್ಟಲ್ಲಿ, ಫಲಕದ ಮೇಲೆ ಏನೇ ಬರೆದಿರಲಿ, 24 ಗಂಟೆಯೊಳಗೆ ನೋಂದಣಿ ಅಧಿಕಾರಿಗೆ ಮಾಹಿತಿ ಸಲ್ಲಿಸಬೇಕು.

ಕೊನೆಯದಾಗಿ, ಹೆಸರಿನ ಆಯ್ಕೆ. ರೆಸಾರ್ಟ್ ಎಂದು ಬರೆಸಿದರೆ ಗಿರಾಕಿ ತೋಟವನ್ನೂ ವಿಹಾರವನ್ನೂ ಕೇಳುತ್ತಾನೆ. ಡಾರ್ಮಿಟರಿ ಎಂದು ಬರೆಸಿದರೆ ಶುಚಿಯಾದ ಹಾಸಿಗೆ, ಬೀಗವಿರುವ ಪೆಟ್ಟಿಗೆ ಮತ್ತು ಕಡಿಮೆ ದರ ಸಾಕೆನ್ನುತ್ತಾನೆ. ಕೊಡುವುದಕ್ಕಿಂತ ದೊಡ್ಡ ಹೆಸರಿಟ್ಟವನಿಗೆ ಮೊದಲ ದಿನ ಗಿರಾಕಿ ಸಿಗಬಹುದು, ಎರಡನೆಯ ಬಾರಿ ಅದೇ ಗಿರಾಕಿ ಬರುವುದಿಲ್ಲ. ಯಂತ್ರ ಜೋಡಿಸಲು ಬಂದ ತಂತ್ರಜ್ಞನಿಗೂ ಅಕ್ಕಿ ಖರೀದಿಯ ವ್ಯಾಪಾರಿಗೂ ಬೇಕಾದದ್ದು ಸೊಳ್ಳೆಯಿಲ್ಲದ ಕೋಣೆ, ಬೆಳಗಿನ ಬಿಸಿನೀರು, ಸರಿಯಾದ ಬಿಲ್ಲು. ಅಷ್ಟನ್ನು ಖಚಿತವಾಗಿ ಕೊಡಬಲ್ಲವರು ‘ವಸತಿಗೃಹ’ ಎಂಬ ಸರಳ ಕನ್ನಡ ಪದವನ್ನೇ ಧೈರ್ಯವಾಗಿ ಬರೆಸಬಹುದು.